ರೈಲಿನಲ್ಲಿ ಕಥೆ ಹಿಡಿದರೆ ಗೆಳತಿಯರಿಗೆ ಮುನಿಸು

ಪ್ರಶ್ನೆ: ನನಗೆ 41 ವರ್ಷ. ಮನೆ ತುಮಕೂರಿನಲ್ಲಿ, ಕೆಲಸ ಬೆಂಗಳೂರಿನಲ್ಲಿ. ದಿನಾ ಬೆಳಿಗ್ಗೆ ಯಶವಂತಪುರಕ್ಕೆ ರೈಲು. ಮಹಿಳೆಯರ ಬೋಗಿಯಲ್ಲಿ ನಮ್ಮದೊಂದು ಗುಂಪಿದೆ. ಹೂ ಕಟ್ಟುವುದು, ಅವರೆಕಾಯಿ ಬಿಡಿಸುವುದು, ಮನೆಯ ಗೋಳು ಹೇಳಿಕೊಳ್ಳುವುದು ಎಲ್ಲ ಅಲ್ಲೇ. ಈಚೆಗೆ ನನಗೆ ಸಸ್ಪೆನ್ಸ್, ಥ್ರಿಲ್ಲರ್ ಸಣ್ಣ ಕಥೆಗಳ ಹುಚ್ಚು ಹಿಡಿದಿದೆ. ಮೊಬೈಲಿನಲ್ಲಿ ಒಂದು ಕಥೆ ತೆರೆದರೆ ಮುಗಿಸದೆ ತಲೆ ಎತ್ತುವುದಿಲ್ಲ. ಮಧ್ಯೆ ಮಾತಾಡಿಸಿದರೆ ಮೈ ಉರಿಯುತ್ತದೆ. ಹೋದ ವಾರ ಆಪ್ತ ಗೆಳತಿ ಮಗಳ ಮದುವೆ ಮುರಿದ ಸುದ್ದಿ ಹೇಳಲು ಬಂದಳು. ವಿಷಯ ಏನೆಂದು ಗೊತ್ತಿಲ್ಲದೆ "ಒಂದ್ನಿಮಿಷ, ಕೊನೇ ಪುಟ" ಅಂದುಬಿಟ್ಟೆ. "ನಿನಗೆ ನಮಗಿಂತ ಆ ಕೊಲೆಗಾರನೇ ಹೆಚ್ಚು" ಎಂದು ಎದ್ದು ಹೋದಳು. ಸುದ್ದಿ ಆಮೇಲೆ ಬೇರೆಯವರಿಂದ ಗೊತ್ತಾಯಿತು. ಈಗ ಮಾತೇ ಇಲ್ಲ. ಮನೆಯಲ್ಲಂತೂ ನನಗೆ ಹತ್ತು ನಿಮಿಷವೂ ಬಿಡುವಿಲ್ಲ. ಓದು ಬಿಡಲೇ? ಬೇರೆ ಬೋಗಿಗೆ ಹೋಗಲೇ?
– ಹೆಸರು ಬೇಡ, ತುಮಕೂರು

ಉತ್ತರ: ಎರಡೂ ಬೇಡ. ಬೋಗಿ ಬದಲಿಸಿದರೆ ಗೆಳತಿ ಹೇಳಿದ್ದೇ ನಿಜ ಎಂದು ನೀವೇ ಒಪ್ಪಿಕೊಂಡಂತೆ ಆಗುತ್ತದೆ.

ಮೊದಲು ಅವಳ ವಿಷಯ. ನಾಳೆಯೇ ಅವಳ ಪಕ್ಕ ಹೋಗಿ ಕೂರಿ. ಫೋನ್ ಬ್ಯಾಗಿನೊಳಗೆ ಇರಲಿ. ಕಥೆ ಯಾವ ಘಟ್ಟದಲ್ಲಿತ್ತು, ನಿಮಗೆ ಯಾಕೆ ಹಾಗಾಯಿತು ಎಂಬ ವಿವರಣೆ ಬೇಡವೇ ಬೇಡ. "ಅವತ್ತು ನೀನು ಹೇಳೋಕೆ ಬಂದೆ, ನಾನು ಕೇಳಲಿಲ್ಲ. ಈಗ ಹೇಳು" ಅನ್ನಿ, ಸಾಕು. ಅವಳು ತಕ್ಷಣ ಬಾಯಿ ಬಿಡಲಿಕ್ಕಿಲ್ಲ. ಮಗಳ ಮದುವೆ ಮುರಿದ ತಾಯಿಗೆ ಊರೆಲ್ಲ ಸಲಹೆ ಕೊಡುತ್ತಿರುತ್ತದೆ, ನೀವೂ ಶುರು ಮಾಡಬೇಡಿ. ಸುಮ್ನೆ ಜೊತೆಗಿರಿ. ಗುಂಪಿನ ಎದುರು ಈ ಮಾತು ಎತ್ತಲೂ ಬೇಡಿ.

ಇನ್ನು ನಿಮ್ಮ ಸಿಟ್ಟು. ಅದು ನಿಮ್ಮ ಸ್ವಭಾವದ ದೋಷ ಅನ್ನಿಸಿದೆ, ಅಲ್ವಾ? ಅರ್ಧ ಭಾಗ ಆ ಕಥೆಗಳ ಕೆಲಸ. ಸಿನಿಮಾ ನಿರ್ದೇಶಕ ಹಿಚ್‌ಕಾಕ್ ಇದನ್ನು ಚೆನ್ನಾಗಿ ಬಿಡಿಸಿ ಹೇಳುತ್ತಿದ್ದ. ಮೇಜಿನ ಕೆಳಗೆ ಬಾಂಬ್ ಇದೆ. ನಮಗೆ ಗೊತ್ತಿಲ್ಲದೆ ಅದು ಸಿಡಿದರೆ ಹದಿನೈದು ಸೆಕೆಂಡಿನ ಬೆಚ್ಚು. ಇದೆ ಎಂದು ಮೊದಲೇ ಗೊತ್ತಿದ್ದು, ಮೇಜಿನ ಸುತ್ತ ಕೂತವರು ಗೊತ್ತಿಲ್ಲದೆ ಹರಟುತ್ತಿದ್ದರೆ ಹದಿನೈದು ನಿಮಿಷದ ತಳಮಳ. ನೀವು ಓದುವಾಗ ಆ ತಳಮಳದೊಳಗೆ ಇರುತ್ತೀರಿ. ಆಗ ಯಾರೋ ಭುಜ ಮುಟ್ಟಿ "ಚಟ್ನಿ ಹಾಕ್ಲಾ?" ಎಂದರೆ ಉರಿಯದೆ ಇನ್ನೇನು!

ಒಂದೇ ಕೂರಿಕೆಯಲ್ಲಿ ಮುಗಿಸುವ ಹಟವೂ ತಪ್ಪಲ್ಲ. ಪತ್ತೇದಾರಿ ಕಥೆಗೆ ದಾರಿ ಹಾಕಿಕೊಟ್ಟ ಎಡ್ಗರ್ ಆಲನ್ ಪೋ 1842ರಲ್ಲೇ ಇದನ್ನು ಬರೆದಿದ್ದ. ಸಣ್ಣ ಕಥೆ ಅರ್ಧ ಗಂಟೆಯಿಂದ ಒಂದೆರಡು ಗಂಟೆಯೊಳಗೆ ಓದಿ ಮುಗಿಯುವಂತಿರಬೇಕು, ಮಧ್ಯೆ ಎದ್ದರೆ ಹೊರಗಿನ ವ್ಯವಹಾರ ನುಗ್ಗಿ ಕಥೆಯ ಹಿಡಿತ ಸಡಿಲಾಗುತ್ತದೆ ಎಂಬುದು ಅವನ ವಾದ. ತುಮಕೂರಿಂದ ಯಶವಂತಪುರಕ್ಕೆ ಸುಮಾರು ಒಂದೂವರೆ ಗಂಟೆ, ಮಧ್ಯೆ ಎಲ್ಲೂ ತಡೆದು ನಿಲ್ಲಿಸದಿದ್ದರೆ. ಪೋ ಹೇಳಿದ ಲೆಕ್ಕದೊಳಗೇ ಬಂತು ನೋಡಿ.

ಆದರೆ ಆ ಒಂದೂವರೆ ಗಂಟೆ ಪೂರ್ತಿ ನಿಮ್ಮದೊಬ್ಬರದೇ ಅಲ್ಲ. ವರ್ಷಗಟ್ಟಲೆ ನೀವೂ ಅದೇ ಸೀಟಿನಲ್ಲಿ ಕೂತು ಗೋಳು ಹೇಳಿಕೊಂಡಿದ್ದೀರಿ, ಅವರು ಕೇಳಿದ್ದಾರೆ. ಅವರಿಗೆ ನಿಮ್ಮ ಓದಿನ ಮೇಲೆ ದ್ವೇಷ ಇಲ್ಲ. ಯಾವಾಗ ಮಾತಾಡಿಸಬಹುದು, ಯಾವಾಗ ಬೇಡ ಅನ್ನುವುದು ಗೊತ್ತಾಗುತ್ತಿಲ್ಲ ಅಷ್ಟೇ. ಅದನ್ನು ಬಾಯಿಬಿಟ್ಟು ಹೇಳಿ. ಕ್ಯಾತ್ಸಂದ್ರ, ಹಿರೇಹಳ್ಳಿ ದಾಟಿ ದಾಬಸ್‌ಪೇಟೆ ಬರುವವರೆಗೆ ಓದು, ಅಲ್ಲಿಂದ ಮುಂದೆ ಮಾತು. ಅಷ್ಟರೊಳಗೆ ಮುಗಿಯುವಷ್ಟು ಚಿಕ್ಕ ಕಥೆಯನ್ನೇ ಆರಿಸಿಕೊಳ್ಳಿ. ಸ್ವಲ್ಪ ದೊಡ್ಡದು ಬೇಕೆನಿಸಿದ ದಿನ "ಇವತ್ತು ನಿಡವಂದದವರೆಗೆ ನನ್ನನ್ನ ಬಿಟ್ಬಿಡಿ" ಎಂದು ಹತ್ತುವಾಗಲೇ ಹೇಳಿದರೆ ನಗುತ್ತಾ ಒಪ್ಪುತ್ತಾರೆ. ಸಂಜೆ ವಾಪಸ್ ಬರುವಾಗ ಓದು ಬೇಡ. ಬೇಕಾದರೆ ಬೆಳಗಿನ ಕಥೆಯನ್ನು ಅವರಿಗೆ ಹೇಳಿ, ಕೊಲೆಗಾರ ಯಾರು ಅನ್ನುವುದನ್ನು ಅವರೇ ಊಹಿಸಲಿ. ಹೂ ಕಟ್ಟುತ್ತಾ ಕೇಳುವವರಿಗೆ ಇದಕ್ಕಿಂತ ಒಳ್ಳೆ ಮಜಾ ಇಲ್ಲ.

ಇಷ್ಟಾದರೂ ಯಾರಾದರೂ ಮುಖ ಊದಿಸಿಕೊಂಡು ಮಾತಾಡಿಸಲು ಬಂದರೆ ಕಥೆ ಅಲ್ಲಿಗೇ ಬಿಡಿ. ಕೊನೇ ಪುಟ ಎಲ್ಲಿಗೂ ಓಡಿಹೋಗುವುದಿಲ್ಲ.

ಮನೆಯಲ್ಲಿ ಹತ್ತು ನಿಮಿಷವೂ ಇಲ್ಲ ಎಂದಿದ್ದೀರಲ್ಲ, ನನಗೆ ಜಾಸ್ತಿ ಚಿಂತೆ ಆಗಿದ್ದು ಅದು. ರೈಲಿನಲ್ಲಿ ನೀವು ಅಷ್ಟು ಬಿಗಿಯಾಗಿ ಕಥೆ ಹಿಡಿದುಕೊಳ್ಳುವುದು ಅದಕ್ಕೇ ಇರಬಹುದು. ಭಾನುವಾರ ಮಧ್ಯಾಹ್ನ ಊಟದ ಪಾತ್ರೆ ಗಂಡ ತೊಳೆಯಲಿ, ಮಕ್ಕಳು ಒರೆಸಲಿ. ನೀವು ಬಾಗಿಲು ಹಾಕಿಕೊಂಡು ಒಂದು ಕಥೆ ಮುಗಿಸಿ. "ಏನಮ್ಮಾ ಮಾಡ್ತಿದೀಯಾ?" ಎಂದು ಕೇಳುತ್ತಾರೆ. "ಓದ್ತಿದೀನಿ" ಅನ್ನಿ. ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ.