ಎರಡು ಲಕ್ಷದ ಹಿಂದೆ ತೋಟವನ್ನೂ ಕಳಿಸಬೇಡಿ

ಪ್ರಶ್ನೆ: ನನಗೆ 28 ವರ್ಷ, ಸುಳ್ಯ ಕಡೆಯವಳು. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಮಂಗಳೂರಿನ ಖಾಸಗಿ ಆಸ್ಪತ್ರೆಯೊಂದರ ಐಸಿಯುನಲ್ಲಿದ್ದೇನೆ. ಸಂಬಳ 23 ಸಾವಿರ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಬೇರೆ ಮೂರು ವಿಭಾಗಗಳಲ್ಲೂ 7 ಬಂತು, ರೈಟಿಂಗ್ ಮಾತ್ರ 6ಕ್ಕೆ ನಿಂತಿತು. ಅಕ್ಕನ ಗಂಡನಿಗೆ ಗುರುತಿನ ಏಜೆಂಟ್ ಒಬ್ಬರು, ‘ಪರೀಕ್ಷೆಯ ರಗಳೆಯೇ ಬೇಡ, ಸೀನಿಯರ್ ಕೇರರ್ ಆಗಿ, ಅಂದರೆ ವೃದ್ಧರು, ಅಶಕ್ತರ ಆರೈಕೆಯ ಕೆಲಸಕ್ಕೆ, ಯುಕೆಗೆ ಕಳಿಸುತ್ತೇನೆ, ವರ್ಷ ಕಳೆದ ಮೇಲೆ ಅಲ್ಲೇ ನರ್ಸ್ ಆಗಬಹುದು’ ಎನ್ನುತ್ತಾರೆ. ಒಟ್ಟು 14 ಲಕ್ಷ. ಭಾವನೇ ಮುಂದೆ ನಿಂತು ಎರಡು ಲಕ್ಷ ಮುಂಗಡ ಕೊಡಿಸಿದ್ದಾರೆ, ಪಾಸ್‌ಪೋರ್ಟೂ ಏಜೆಂಟರ ಬಳಿ ಇದೆ. ಉಳಿದದ್ದಕ್ಕೆ ಅಪ್ಪ ತೋಟ ಅಡವಿಡಲು ಹೊರಟಿದ್ದಾರೆ. ಹಳದಿ ರೋಗ ಬಂದು ಅರ್ಧ ಅಡಿಕೆ ಹೋಗಿರುವ ತೋಟ ಅದು. ನನಗೆ ಹೋಗುವ ಆಸೆ ಇದೆ, ಆದರೆ ಇದು ಸರಿ ಅನ್ನಿಸುತ್ತಿಲ್ಲ. ಬೇಡ ಅಂದರೆ ಭಾವನಿಗೆ ಅವಮಾನ, ಅಕ್ಕನ ಮನೆಯಲ್ಲಿ ಮನಸ್ತಾಪ. ಏನು ಮಾಡಲಿ?

ಉತ್ತರ: ನೀವು ಕೇಳಿರುವುದು ಭಾವನ ಬಗ್ಗೆ. ಆದರೆ ಏಜೆಂಟರ ಮಾತು ಮೊದಲು ಇತ್ಯರ್ಥವಾಗಲಿ, ಆಗ ಭಾವನ ಜೊತೆ ಏನು ಮಾತಾಡಬೇಕು ಎನ್ನುವುದು ತಾನಾಗಿ ಗೊತ್ತಾಗುತ್ತದೆ.

2025ರ ಜುಲೈ 22ರಿಂದ ಬ್ರಿಟನ್ ಹೊರದೇಶಗಳಿಂದ ಕೇರರ್, ಸೀನಿಯರ್ ಕೇರರ್‌ಗಳನ್ನು ಹೊಸದಾಗಿ ಕರೆಸಿಕೊಳ್ಳುವುದನ್ನು ನಿಲ್ಲಿಸಿದೆ. ಅದಾಗಲೇ ಅಲ್ಲಿರುವವರಿಗೆ ಕೆಲವು ಷರತ್ತಿನ ಮೇಲೆ ಇನ್ನೂ ಅವಕಾಶವಿದೆ, ಸುಳ್ಯದಿಂದ ಹೊರಡುವವರಿಗೆ ಇಲ್ಲ. ಅಂದಮೇಲೆ ನಿಮ್ಮ ಏಜೆಂಟರು 14 ಲಕ್ಷಕ್ಕೆ ಮಾರುತ್ತಿರುವುದು ಏನನ್ನು? ಒಂದೋ ಅವರಿಗೆ ನಿಯಮ ಬದಲಾದದ್ದು ಗೊತ್ತಿಲ್ಲ, ಇಲ್ಲ ನಿಮಗೆ ಗೊತ್ತಿಲ್ಲ ಎಂದುಕೊಂಡಿದ್ದಾರೆ. ಎರಡರಲ್ಲಿ ಯಾವುದಾದರೂ ನಿಮ್ಮ ಪಾಸ್‌ಪೋರ್ಟ್ ಅವರ ಕಪಾಟಿನಲ್ಲಿ ಇರಬಾರದು.

ಕೇರರ್ ಆಗಿ ಹೋಗಿ ನರ್ಸ್ ಆಗುವುದು ಪೂರ್ತಿ ಕಟ್ಟುಕಥೆಯೇನಲ್ಲ, ಅದಕ್ಕೇ ಜನ ನಂಬುತ್ತಾರೆ. ಅಲ್ಲಿ ಒಂದು ವರ್ಷ ಕೆಲಸ ಮಾಡಿದವರು ಇಂಗ್ಲಿಷ್ ಪರೀಕ್ಷೆಯಲ್ಲಿ ಕೂದಲೆಳೆಯಷ್ಟು ಅಂಕದಿಂದ ಹಿಂದೆ ಬಿದ್ದಿದ್ದರೆ, ಕೆಲಸ ಕೊಟ್ಟವರ ಪತ್ರವನ್ನೂ ನೋಡಿ, ಅಲ್ಲಿ ನರ್ಸ್‌ಗಳನ್ನು ನೋಂದಾಯಿಸುವ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್, ಅಂದರೆ ಎನ್‌ಎಂಸಿ, ಒಪ್ಪುವ ಕ್ರಮ ಇದೆ. ಕೇರಳದಿಂದಲೂ ನಮ್ಮ ಕಡೆಯಿಂದಲೂ ಬಿ.ಎಸ್ಸಿ. ಮಾಡಿದ ಹುಡುಗಿಯರು ಲಕ್ಷಗಟ್ಟಲೆ ಕೊಟ್ಟು ಕೇರರ್ ಆಗಿ ಹೋದದ್ದು ಈ ಆಸೆಯ ಮೇಲೆಯೇ. ಕೆಲವರು ದಾಟಿದರು. ಇನ್ನು ಕೆಲವರಿಗೆ ಅಲ್ಲಿ ಕೆಲಸ ಕೊಟ್ಟ ಏಜೆನ್ಸಿಯೇ ಹೊರದೇಶದವರನ್ನು ಕರೆಸುವ ಲೈಸೆನ್ಸ್ ಕಳೆದುಕೊಂಡಿತು. ಹಾಗಾದಾಗ ಹೊಸ ಸ್ಪಾನ್ಸರ್, ಅಂದರೆ ವೀಸಾಕ್ಕೆ ಹೊಣೆಯಾಗಿ ಕೆಲಸ ಕೊಡುವವರನ್ನು, ಹುಡುಕಲು ಸಾಮಾನ್ಯವಾಗಿ ಸಿಗುವುದು 60 ದಿನ. ಊರಲ್ಲಿ ಸಾಲದ ಬಡ್ಡಿ ಓಡುತ್ತಿರುವಾಗ ಆ 60 ದಿನ ಹೇಗಿರುತ್ತದೆ ಎಂದು ನೀವೇ ಊಹಿಸಿ.

ಸ್ಪಾನ್ಸರ್‌ಶಿಪ್ ಪತ್ರ ಆಸ್ಪತ್ರೆ ತನಗೆ ಬೇಕಾದ ನರ್ಸಿಗೆ ಕೊಡುವಂಥದ್ದು. ಅದರ ಶುಲ್ಕವನ್ನು ನಿಮ್ಮ ತಲೆಗೆ ಕಟ್ಟುವಂತಿಲ್ಲ, ಕೆಲಸ ಕೊಡಿಸಿದ್ದಕ್ಕೆ ನರ್ಸಿನಿಂದ ಕಮಿಷನ್ ಕೀಳಬಾರದೆಂದು ಅಲ್ಲಿನ ನೇಮಕಾತಿ ಸಂಹಿತೆಯೂ ಹೇಳುತ್ತದೆ. ನಮ್ಮ ದೇಶದಲ್ಲೂ ವಿದೇಶಿ ಕೆಲಸಕ್ಕೆ ಆಳು ಕಳಿಸುವವರಿಗೆ 1983ರ ವಲಸೆ ಕಾಯ್ದೆಯ ಪ್ರಕಾರ ಪರವಾನಗಿ ಬೇಕು. ಅವರು ತೆಗೆದುಕೊಳ್ಳಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ. ‘ನಾವು ಬರೀ ಕನ್ಸಲ್ಟೆನ್ಸಿ’ ಎನ್ನುವವರು ತಪ್ಪಿಸಿಕೊಳ್ಳಲು ನೋಡುವುದು ಇದರಿಂದಲೇ. 2015ರಲ್ಲಿ ಕೊಚ್ಚಿಯಲ್ಲಿ ಸಿಬಿಐ ಕೈಗೆ ಬಂದ ಕುವೈತ್ ನರ್ಸ್ ನೇಮಕಾತಿ ಪ್ರಕರಣ ನೆನಪಿರಬಹುದು. 19,500 ರೂಪಾಯಿ ಪಡೆಯಬೇಕಿದ್ದ ಏಜೆನ್ಸಿ ಒಬ್ಬೊಬ್ಬರಿಂದ 19.5 ಲಕ್ಷ ಪಡೆದಿತ್ತು ಎನ್ನುವುದು ಆರೋಪ. ಪರವಾನಗಿ ಇದ್ದವರ ಕಥೆ ಅದು!

ಈಗ ನಿಮ್ಮ ಅಂಕಪಟ್ಟಿಗೆ ಬರೋಣ. ಪತ್ರ ಓದುವಾಗ ನನ್ನ ಕಣ್ಣಿಗೆ ಬಿದ್ದದ್ದು 14 ಲಕ್ಷಕ್ಕಿಂತ ಆ 6. ಎನ್‌ಎಂಸಿ ಕೇಳುವುದು ರೈಟಿಂಗ್‌ಗೆ 6.5, ಉಳಿದ ಮೂರಕ್ಕೆ 7. ನಿಮಗೆ ಕಡಿಮೆಯಾಗಿರುವುದು ಅರ್ಧ ಅಂಕ. ಹನ್ನೆರಡು ತಿಂಗಳ ಒಳಗೆ ಬರೆದ ಎರಡು ಪರೀಕ್ಷೆಗಳ ಅಂಕ ಜೋಡಿಸಿಕೊಳ್ಳಲೂ ಬಿಡುತ್ತಾರೆ, ಎರಡರಲ್ಲೂ ರೈಟಿಂಗ್ 6ಕ್ಕಿಂತ, ಉಳಿದವು 6.5ಕ್ಕಿಂತ ಕೆಳಗೆ ಇಳಿದಿರಬಾರದು, ಅಷ್ಟೇ. ಮೊದಲನೆಯದು ನಿಮ್ಮ ಕೈಯಲ್ಲೇ ಇದೆ. ಅಥವಾ ಓಇಟಿ, ಅಂದರೆ ಆರೋಗ್ಯ ಕ್ಷೇತ್ರದವರಿಗೆಂದೇ ಇರುವ ಇಂಗ್ಲಿಷ್ ಪರೀಕ್ಷೆ, ಬರೆಯಿರಿ. ಅದರ ರೈಟಿಂಗ್‌ನಲ್ಲಿ ಜಾಗತೀಕರಣದ ಮೇಲೆ ಪ್ರಬಂಧ ಕೇಳುವುದಿಲ್ಲ. ಕೇಸ್ ನೋಟ್ಸ್ ಕೊಟ್ಟು ರೋಗಿಯನ್ನು ಇನ್ನೊಬ್ಬರಿಗೆ ಒಪ್ಪಿಸುವ ಪತ್ರ ಬರೆಸುತ್ತಾರೆ. ಶಿಫ್ಟ್ ಮುಗಿಯುವಾಗ ಹ್ಯಾಂಡೋವರ್‌ನಲ್ಲಿ ನೀವು ಏನು ಹೇಳುತ್ತೀರಿ, ಏನು ಬಿಡುತ್ತೀರಿ? ಹೆಚ್ಚುಕಡಿಮೆ ಅದೇ. ರೈಟಿಂಗ್‌ಗೆ ಸಿ ಪ್ಲಸ್, ಉಳಿದವಕ್ಕೆ ಬಿ ಬಂದರೆ ಸಾಕು.

ಆಮೇಲೆ ಇಲ್ಲೇ ಕಂಪ್ಯೂಟರಿನಲ್ಲಿ ಬರೆಯುವ ಸಿಬಿಟಿ, ಅಲ್ಲಿ ಹೋಗಿ ಪ್ರಾಯೋಗಿಕ ಪರೀಕ್ಷೆ ಓಸ್ಕಿ. ಎನ್‌ಎಂಸಿಗೆ ಕಟ್ಟುವ ಶುಲ್ಕವೆಲ್ಲ ಕೂಡಿಸಿದರೂ 1,200 ಪೌಂಡಿನ ಆಸುಪಾಸು, ಅದರಲ್ಲಿ ದೊಡ್ಡ ಪಾಲು ಓಸ್ಕಿಯದು. ಅದನ್ನು ಅನೇಕ ಆಸ್ಪತ್ರೆಗಳೇ ಭರಿಸುತ್ತವೆ. ಆದರೆ ಹೀಗೆ ಹಣ ಹಾಕಿದ ಆಸ್ಪತ್ರೆ, ನಡುವೆ ಬಿಟ್ಟರೆ ವಾಪಸ್ ಕೊಡಬೇಕೆಂದು ಬರೆಸಿಕೊಳ್ಳುವುದುಂಟು. ಸಹಿ ಹಾಕುವ ಮೊದಲು ಆ ಪುಟ ಓದಿ.

ಒಂದು ಬೇಸರದ ಮಾತನ್ನೂ ಹೇಳಬೇಕು. ಬ್ರಿಟನ್ನಿನ ಆಸ್ಪತ್ರೆಗಳು ಹೊರಗಿನ ನರ್ಸ್‌ಗಳನ್ನು ಎರಡು ಮೂರು ವರ್ಷದ ಹಿಂದಿನಷ್ಟು ಈಗ ಕರೆಸುತ್ತಿಲ್ಲ. ಅಂಕ ಬಂದ ಮಾರನೇ ದಿನ ಕೆಲಸ ಸಿಗಲಿಕ್ಕಿಲ್ಲ. ಐಸಿಯು ಅನುಭವಕ್ಕೆ ಬೆಲೆ ಇದೆ, ಕಾಯಬೇಕಾಗಬಹುದು. ಜರ್ಮನಿಗೆ ಇನ್ನೂ ಬೇಡಿಕೆ ಇದೆ, ಆದರೆ ಬಿ2 ಮಟ್ಟದ ಜರ್ಮನ್ ಕಲಿಯುವುದು ಆಟವಲ್ಲ. ಅಲ್ಲಿನ ಸರ್ಕಾರದ ಟ್ರಿಪಲ್ ವಿನ್ ಯೋಜನೆಯಲ್ಲಿ ಹೋಗುವ ನರ್ಸ್‌ಗಳು ಕಮಿಷನ್ ಕೊಡುವುದಿಲ್ಲ. ಕೇರಳದವರು ತಮ್ಮ ಸರ್ಕಾರದ ವಲಸಿಗರ ಸಂಸ್ಥೆ ನೋರ್ಕಾ ಮೂಲಕ ಹೋಗುತ್ತಿದ್ದಾರೆ, ನಿಮ್ಮ ವಾರ್ಡಿನ ಮಲಯಾಳಿ ಸಹೋದ್ಯೋಗಿಗಳನ್ನೇ ಕೇಳಿ. ನಮ್ಮಲ್ಲೂ ಕೌಶಲ್ಯಾಭಿವೃದ್ಧಿ ಇಲಾಖೆಯ ಕೆಳಗೆ ಅಂತರರಾಷ್ಟ್ರೀಯ ವಲಸೆ ಕೇಂದ್ರ ಇದೆ, ಅಲ್ಲಿ ವಿಚಾರಿಸಿ. ಒಪ್ಪಂದ ಯಾವ ದೇಶದ್ದೇ ಆಗಲಿ, ಆಸ್ಪತ್ರೆಯ ಹೆಸರು ಇಲ್ಲದ ಆಫರ್ ಲೆಟರ್ ಲೆಕ್ಕಕ್ಕಿಲ್ಲ.

ಇನ್ನು ಮನೆಯ ವಿಷಯ. ಅಪ್ಪನಿಗೂ ಭಾವನಿಗೂ ಒಟ್ಟಿಗೆ ಕೂತು ಹೇಳಲು ಹೋಗಬೇಡಿ, ಅಲ್ಲಿ ಭಾವ ಆರೋಪಿಯಾಗಿಬಿಡುತ್ತಾರೆ. ಮೊದಲು ಅಕ್ಕನಿಗೆ ಹೇಳಿ. ‘ಭಾವ ಮೋಸ ಮಾಡಿದರು’ ಎನ್ನಬೇಡಿ, ‘ಭಾವನಿಗೂ ಮೋಸ ಆಗಿದೆ, ರೂಲ್ಸ್ ಬದಲಾದದ್ದು ಅವರಿಗೆ ಯಾರೂ ಹೇಳಿಲ್ಲ’ ಎನ್ನಿ. ಬಹುಶಃ ನಿಜವೂ ಅದೇ. ಆಮೇಲೆ ಭಾವನ ಕೈಯಿಂದಲೇ ಏಜೆಂಟರಿಗೆ ವಾಟ್ಸ್‌ಆ್ಯಪ್ ಮಾಡಿಸಿ: ನಿಮ್ಮ ಇ-ಮೈಗ್ರೇಟ್ (ವಿದೇಶಿ ನೇಮಕಾತಿಗೆ ಕೇಂದ್ರ ಸರ್ಕಾರದ ಜಾಲತಾಣ) ಪರವಾನಗಿ ಸಂಖ್ಯೆ ಏನು? ಕೆಲಸ ಕೊಡುವವರ ಹೆಸರೇನು? ಎರಡು ಲಕ್ಷಕ್ಕೆ ರಸೀದಿ ಕಳಿಸುತ್ತೀರಾ? ಬರುವ ಉತ್ತರವನ್ನು, ಅಥವಾ ಉತ್ತರ ಬಾರದೆ ಇರುವುದನ್ನು, ಭಾವ ತಾವೇ ನೋಡಲಿ. ನೀವು ಹೇಳಿ ತಿಳಿಯುವುದಕ್ಕೂ ಅವರೇ ಕಂಡುಕೊಳ್ಳುವುದಕ್ಕೂ ಅಕ್ಕನ ಮನೆಯಲ್ಲಿ ಬಹಳ ವ್ಯತ್ಯಾಸ ಇರುತ್ತದೆ.

ಅಪ್ಪನ ಹತ್ತಿರ ‘ನನಗೆ ಹೋಗುವುದು ಬೇಡ’ ಎಂದು ಸುಳ್ಳು ಹೇಳಬೇಡಿ. ‘ಹೋಗುತ್ತೇನೆ, ತೋಟ ಅಡವಿಟ್ಟು ಹೋಗುವುದಿಲ್ಲ’ ಎನ್ನಿ. ಕೊಟ್ಟ ಎರಡು ಲಕ್ಷ ವಾಪಸ್ ಬಂದರೆ ಬಂತು. ಬಾರದಿದ್ದರೆ ಆ ವಾಟ್ಸ್‌ಆ್ಯಪ್ ಮಾತು, ಹಣ ಹಾಕಿದ ಬ್ಯಾಂಕ್ ದಾಖಲೆ ಇಟ್ಟುಕೊಂಡು ಠಾಣೆಗೂ ಇ-ಮೈಗ್ರೇಟ್‌ಗೂ ದೂರು ಕೊಡಿ. ಹೋದದ್ದನ್ನು ಹಿಡಿಯಲು ಇನ್ನೂ ಹನ್ನೆರಡು ಲಕ್ಷ ಅದರ ಹಿಂದೆ ಓಡಿಸಬೇಡಿ.

ಇವೆಲ್ಲಕ್ಕಿಂತ ಮೊದಲು, ಇದೇ ವಾರ, ಪಾಸ್‌ಪೋರ್ಟ್ ಬಿಡಿಸಿಕೊಂಡು ಬನ್ನಿ. ಒಬ್ಬರೇ ಹೋಗಬೇಡಿ, ಭಾವನನ್ನೇ ಜೊತೆಗೆ ಕರೆದುಕೊಂಡು ಹೋಗಿ. ಕಾರಣ ಕೇಳಿದರೆ ‘ಓಇಟಿಗೆ ಹೆಸರು ನೋಂದಾಯಿಸಬೇಕು’ ಎಂದರಾಯಿತು, ಅದಕ್ಕೆ ಹೇಗೂ ಪಾಸ್‌ಪೋರ್ಟ್ ಬೇಕು. ‘ಬಾಕಿ ಹಣ ಕೊಟ್ಟ ಮೇಲೆ’ ಎಂದರೆ, ಪಾಸ್‌ಪೋರ್ಟ್ ಭಾರತ ಸರ್ಕಾರದ ಸ್ವತ್ತು, ಒತ್ತೆ ಇಟ್ಟುಕೊಳ್ಳುವ ಹಕ್ಕು ಅವರಿಗಿಲ್ಲ ಎಂದು ಹೇಳಿ, ಅಲ್ಲಿಂದ ನೇರ ಪೊಲೀಸ್ ಠಾಣೆಗೆ ನಡೆಯಿರಿ.