ಕಡಲ ಸುದ್ದಿ, ಕಣದ ಚಿಂತೆ

ಹದಿನೆಂಟು ವರ್ಷ ಸರಕು ಹಡಗುಗಳಲ್ಲಿ ದಾರಿ ನೋಡುವ ಅಧಿಕಾರಿಯಾಗಿದ್ದೆ. ಈಗ ಮೂಡಿಗೆರೆ ಕಡೆ ನಾಲ್ಕೆಕರೆ ಕಾಫಿ ನೋಡಿಕೊಂಡಿದ್ದೇನೆ. ಕಡಲ ಹವಾಮಾನದ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಎಂದಾಗ, ಘಟ್ಟದ ಮೇಲಿನವರಿಗೆ ಅದರ ಗೊಡವೆ ಯಾಕೆ ಅಂತ ಮನೆಯವರು ನಕ್ಕಿದ್ದರು. ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಕಾಫಿ ಒಣಗಿಸುವ ಕಣದಿಂದಲೇ ಬಂದಿವೆ.

ಬಂಗಾಳ ಕೊಲ್ಲಿ ಇರುವುದು ಆಚೆ ಕಡೆ. ಅಲ್ಲಿ ವಾಯುಭಾರ ಕುಸಿದರೆ ನಮ್ಮ ಕಣದ ಹಣ್ಣು ಯಾಕೆ ನೆನೆಯಬೇಕು? ನಮಗೆ ಹತ್ತಿರದ್ದು ಮಂಗಳೂರು ಕಡಲಲ್ಲವೇ?
– ಸಕಲೇಶಪುರ ತಾಲ್ಲೂಕಿನ ಬೆಳೆಗಾರರು

ಹತ್ತಿರ ಯಾವುದು ಅನ್ನುವುದಕ್ಕಿಂತ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅನ್ನುವುದು ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಪಡುವಣದಿಂದ ಬರುತ್ತದೆ, ಆಗ ಅರಬ್ಬೀ ಸಮುದ್ರವೇ ನಮ್ಮ ಯಜಮಾನ. ಅಕ್ಟೋಬರ್ ಕಳೆಯುತ್ತಿದ್ದ ಹಾಗೆ ಗಾಳಿ ತಿರುಗಿ ಮೂಡಣದಿಂದ ಬೀಸಲು ಶುರುವಾಗುತ್ತದೆ. ಅಟ್ಲಾಸ್ ತೆಗೆದು ನೋಡಿ, ಹಾಸನ ಮತ್ತು ಚೆನ್ನೈ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ, 13 ಡಿಗ್ರಿ ಉತ್ತರ. ನೇರ ಗೆರೆ ಎಳೆದರೆ ನಡುವೆ ಸುಮಾರು 450 ಕಿ.ಮೀ. ಒಂದು ಸಾಧಾರಣ ವಾಯುಭಾರ ಕುಸಿತದ ಮೋಡದ ಹರವೇ ಅಷ್ಟಿರುತ್ತದೆ. ಹಾಗಾಗಿ ಅದು ಚೆನ್ನೈ–ಪುದುಚೇರಿ ಕಡೆ ಮುಖ ಮಾಡಿತೆಂದರೆ ಒಂದೆರಡು ದಿನದಲ್ಲಿ ಅದರ ಸೆರಗು ನಮ್ಮ ತಲೆಯ ಮೇಲಿರುತ್ತದೆ.

2024ರ ಫೆಂಗಲ್ ಚಂಡಮಾರುತ ನೆನಪಿದೆಯಲ್ಲ? ನವೆಂಬರ್ 30ರ ರಾತ್ರಿ ಪುದುಚೇರಿ ಬಳಿ ದಡ ಹತ್ತಿತು. ಅಲ್ಲಿಗೆ ಮುಗಿಯಿತು ಅಂತ ಟಿ.ವಿ.ಯವರು ಬೇರೆ ಸುದ್ದಿಗೆ ಹೋದರು. ಬಲ ಕಳೆದುಕೊಂಡ ಅದೇ ಮೋಡ ತಮಿಳುನಾಡು ದಾಟಿ, ನಮ್ಮ ದಕ್ಷಿಣ ಒಳನಾಡಿನ ಮೇಲೆ ಹಾದು ಅರಬ್ಬೀ ಸಮುದ್ರಕ್ಕೆ ಇಳಿಯಿತು. ಅರೇಬಿಕಾ ಕೊಯ್ಲಿನ ಕಾಲ. ಕಣದ ತುಂಬ ಹಣ್ಣು ಹರಡಿಟ್ಟವರ ಪಾಡು ನಾನು ಹೇಳಬೇಕಾಗಿಲ್ಲ. ನನ್ನದೂ ಅದೇ ಕತೆ. ಟಾರ್ಪಾಲಿನ ಮೇಲೆ ನಿಂತ ನೀರನ್ನು ಬಕೆಟ್‌ನಲ್ಲಿ ಎತ್ತಿ ಚೆಲ್ಲುತ್ತ, ಮೂರನೇ ದಿನ ಮೂಲೆ ಎತ್ತಿ ಮೂಸಿದರೆ ಹುಳಿ ವಾಸನೆ. ಅಷ್ಟು ವರ್ಷ ಕಡಲಲ್ಲಿದ್ದವನು ನಾಲ್ಕು ದಿನದ ಮೊದಲೇ ಮುನ್ಸೂಚನೆ ಓದಿದ್ದೆ. ಆದರೂ ದಡ ಹತ್ತಿದ ಮೇಲೆ ಇಷ್ಟು ದೂರ ಬರಲಾರದು ಅಂದುಕೊಂಡೆ.

ಅದರ ಹಿಂದಿನ ವರ್ಷದ ಮಿಚಾಂಗ್ ಬೇರೆ ಥರ. ಚೆನ್ನೈಯನ್ನು ಮುಳುಗಿಸಿ, ಅಲ್ಲಿಂದ ಉತ್ತರಕ್ಕೆ ಹೊರಳಿ, ಡಿಸೆಂಬರ್ 5ರಂದು ಆಂಧ್ರದ ಬಾಪಟ್ಲ ಹತ್ತಿರ ದಡ ಹತ್ತಿತು. ಹಾಗೆ ಉತ್ತರಕ್ಕೆ ತಿರುಗುವ ಬಿರುಗಾಳಿಯ ಮಳೆ ನಮ್ಮ ಕಣದವರೆಗೆ ಬರುವುದು ಕಡಿಮೆ. ಆದ್ದರಿಂದ ನವೆಂಬರ್–ಡಿಸೆಂಬರ್‌ನಲ್ಲಿ ಕೊಲ್ಲಿಯ ಸುದ್ದಿ ಬಂದಾಗ ಅದರ ಹೆಸರು, ವೇಗ ಇವೆಲ್ಲ ಆಮೇಲೆ. ಮೊದಲು ನೋಡಬೇಕಾದ್ದು ಹವಾಮಾನ ಇಲಾಖೆಯ ನಕ್ಷೆಯಲ್ಲಿ ಅದರ ಮೂತಿ ಎತ್ತ ಕಡೆ ಇದೆ ಅಂತ. ಪುದುಚೇರಿ ಕಡೆಗಿದ್ದರೆ ಎರಡು ದಿನದ ಮಟ್ಟಿಗೆ ಕೊಯ್ಲು ನಿಲ್ಲಿಸುವ ಬಗ್ಗೆ ಯೋಚಿಸಬಹುದು. ಆದರೆ ಗಿಡದಲ್ಲೇ ಬಿಟ್ಟ ತೀರಾ ಹಣ್ಣಾದ ಕಾಯಿ ಮಳೆಗೆ ಸೀಳಿ ಉದುರುತ್ತದೆ. ಅದು ನಿಮ್ಮ ತೋಟ, ಆಳುಗಳ ಲೆಕ್ಕ, ನಾನು ಇಲ್ಲಿಂದ ಹೇಳುವುದಲ್ಲ.

ಅರಬ್ಬೀ ಸಮುದ್ರದಲ್ಲಿ ಚಂಡಮಾರುತ ಅಂತ ಟಿ.ವಿ.ಯಲ್ಲಿ ದಿನವಿಡೀ ಕೂಗುತ್ತಾರೆ, ಇಲ್ಲಿ ಹನಿ ಬೀಳುವುದಿಲ್ಲ. ಯಾವ ಹೆಸರೂ ಇಲ್ಲದ ದಿನ ಐದಿಂಚು ಹೊಡೆಯುತ್ತದೆ. ಇದೇನು ಲೆಕ್ಕ?
– ಚಿಕ್ಕಮಗಳೂರಿನ ಓದುಗರು

ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಮೊದಲು ಪತ್ರಿಕೆಗಳ ಮೇಲೆ ನನ್ನದೊಂದು ತಕರಾರು. 'ವಾಯುಭಾರ ಕುಸಿತ' ಎಂಬ ಒಂದೇ ಮಾತನ್ನು ಎಲ್ಲದಕ್ಕೂ ಬಳಸುತ್ತಾರೆ. ಇಲಾಖೆಯ ಲೆಕ್ಕದಲ್ಲಿ ಗಾಳಿ 17 ನಾಟ್‌ಗಿಂತ, ಅಂದರೆ ಗಂಟೆಗೆ ಸುಮಾರು 31 ಕಿ.ಮೀ.ಗಿಂತ, ಕಡಿಮೆ ಇದ್ದರೆ ಅದು ಬರೀ ಕಡಿಮೆ ಒತ್ತಡದ ಪ್ರದೇಶ. 17 ಮುಟ್ಟಿದರೆ ವಾಯುಭಾರ ಕುಸಿತ, 28ಕ್ಕೆ ತೀವ್ರ ಕುಸಿತ, 34ಕ್ಕೆ, ಅಂದರೆ ಗಂಟೆಗೆ 62 ಕಿ.ಮೀ.ಗೆ, ಚಂಡಮಾರುತ. ಹೆಸರಿಡುವುದು ಆಗಲೇ. ಹೆಸರು ಸಿಗುವುದು ಗಾಳಿಯ ವೇಗಕ್ಕೆ, ನಿಮ್ಮ ಊರಿಗೆ ಬೀಳುವ ಮಳೆಗಲ್ಲ.

ಅದು ದಡದಿಂದ ಎಷ್ಟು ದೂರ ಹಾದುಹೋಗುತ್ತದೆ ಅನ್ನುವುದರ ಮೇಲೆ ನಮ್ಮ ಮಳೆ ನಿಂತಿದೆ. 2021ರ ಮೇನಲ್ಲಿ ತೌಕ್ತೆ ನಮ್ಮ ಕರಾವಳಿಯ ಮಗ್ಗುಲಲ್ಲೇ ಗುಜರಾತಿಗೆ ಹೋಯಿತು, ಮಲೆನಾಡು ನೆನೆಯಿತು. 2019ರ ಅಕ್ಟೋಬರ್‌ನಲ್ಲಿ ಕ್ಯಾರ್ ಅದಕ್ಕಿಂತ ದೊಡ್ಡದಾಗಿ, ಸೂಪರ್ ಚಂಡಮಾರುತದ ಮಟ್ಟಕ್ಕೇ ಬೆಳೆಯಿತು, ಆದರೆ ಅಷ್ಟು ಬೆಳೆದದ್ದು ನಮ್ಮಿಂದ ಬಲು ದೂರ, ಪಡುವಣ ಕಡಲಿನ ನಡುವೆ. 2023ರ ಜೂನ್‌ನ ಬಿಪರ್‌ಜಾಯ್ ಇನ್ನೂ ಕೆಟ್ಟದ್ದು. ಮುಂಗಾರು ಬರುವ ಹೊತ್ತಿಗೇ ಎದ್ದು, ಹತ್ತು ದಿನ ಕಡಲಲ್ಲೇ ಸುತ್ತಾಡಿ, ಬರಬೇಕಾದ ಆವಿಯನ್ನೆಲ್ಲ ತನ್ನತ್ತ ಎಳೆದುಕೊಂಡು, 15ರಂದು ಗುಜರಾತಿನ ಜಖೌ ಬಳಿ ದಡ ಸೇರಿತು. ಕೇರಳಕ್ಕೆ ಮುಂಗಾರು ಬಂದದ್ದು ಜೂನ್ 8ಕ್ಕೆ. ಆ ಜೂನ್ ನಮ್ಮ ರಾಜ್ಯಕ್ಕೆ ಹೇಗಿತ್ತೆಂದು ಗೊತ್ತೇ ಇದೆ.

ಹೆಸರಿಲ್ಲದ ಆ ಐದಿಂಚಿನ ವಿಷಯಕ್ಕೆ ಬರೋಣ. ಮಳೆಗಾಲದಲ್ಲಿ ಇಲಾಖೆಯ ವರದಿ ಓದಿದರೆ ಕರಾವಳಿಗುಂಟ ಕಡಿಮೆ ಒತ್ತಡದ ಒಂದು ಗೆರೆ, ಮಹಾರಾಷ್ಟ್ರದಿಂದ ಕೇರಳದವರೆಗೆ, ಎಂಬ ಸಾಲು ಆಗಾಗ ಸಿಗುತ್ತದೆ. ಓದಲು ಸಪ್ಪೆ. ಟಿ.ವಿ.ಗೆ ಅದರಲ್ಲಿ ಚಿತ್ರವಿಲ್ಲ, ಕಣ್ಣಿಲ್ಲ, ಸುತ್ತುವ ಬಾಣವಿಲ್ಲ. ಆದರೆ ಮೂಡಿಗೆರೆ, ಕೊಪ್ಪ, ಶೃಂಗೇರಿಯವರು ನಡುಗಬೇಕಾದ್ದು ಆ ಸಾಲಿಗೆ. ಆ ಗೆರೆ ಗಟ್ಟಿಯಾದಾಗ ಪಡುವಣ ಗಾಳಿ ನೇರವಾಗಿ ಘಟ್ಟಕ್ಕೆ ಬಡಿಯುತ್ತದೆ. ಚಾರ್ಮಾಡಿಯ ಗೋಡೆ ಏರಿದ ಗಾಳಿ ತಣಿದು ಹೊತ್ತದ್ದನ್ನೆಲ್ಲ ಅಲ್ಲೇ ಸುರಿಯುತ್ತದೆ. ಜುಲೈ–ಆಗಸ್ಟ್‌ನಲ್ಲಿ ಅರಬ್ಬೀ ಸಮುದ್ರದಲ್ಲಿ ಚಂಡಮಾರುತ ಏಳುವುದೇ ಅಪರೂಪ. ಕೆಳಗೆ ಪಡುವಣ ಗಾಳಿ, ಮೇಲೆ ಹದಿನಾಲ್ಕು–ಹದಿನೈದು ಕಿ.ಮೀ. ಎತ್ತರದಲ್ಲಿ ಮೂಡಣ ಗಾಳಿ. ಬುಡ ಒಂದು ಕಡೆಗೆ, ತಲೆ ಇನ್ನೊಂದು ಕಡೆಗೆ ಎಳೆದರೆ ಅದು ನಿಲ್ಲುವುದು ಹೇಗೆ?

ಅಂದ ಹಾಗೆ ಇಲಾಖೆ ಮಿಲಿಮೀಟರ್‌ನಲ್ಲಿ ಮಾತಾಡುತ್ತದೆ, ನಾವು ಇಂಚು, ಸೆಂಟ್ಸ್‌ನಲ್ಲಿ (ಇಂಚಿನ ನೂರನೇ ಒಂದು ಪಾಲು ಒಂದು ಸೆಂಟ್). ಒಂದಿಂಚು 25.4 ಮಿ.ಮೀ. 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ 'ಭಾರಿ ಮಳೆ', ನಮ್ಮ ಮಾತಲ್ಲಿ ಎರಡಿಂಚು 54 ಸೆಂಟ್ಸ್. 'ಅತಿ ಭಾರಿ' ಶುರುವಾಗುವುದು ನಾಲ್ಕಿಂಚು 55ಕ್ಕೆ. ಎಂಟಿಂಚು ದಾಟಿದ ಮೇಲೆ ಅತ್ಯಧಿಕ. ಈ ಮೂರು ಅಂಕಿ ಮಳೆ ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿ.

ನನ್ನ ಮಗ ಹಡಗಿನಲ್ಲಿದ್ದಾನೆ, ಆಫ್ರಿಕಾ ಕಡೆ ಹೋಗುತ್ತಿದ್ದಾನಂತೆ. 'ಅಮ್ಮ, 25 ನಾಟ್ ಗಾಳಿ, 3 ಮೀಟರ್ ಸ್ವೆಲ್' ಅಂತ ಮೆಸೇಜ್ ಹಾಕಿ ನಾಲ್ಕು ದಿನವಾಯಿತು, ಫೋನಿಲ್ಲ. ಹೆದರಬೇಕೇ?
– ಅರಸೀಕೆರೆಯ ಒಬ್ಬ ತಾಯಿ

ಹೆದರಬೇಡಿ ತಾಯಿ. ಆ ಎರಡು ಅಂಕಿ ಕಂಡು ಹಡಗಿನವರು ಗಾಬರಿಯಾಗುವುದಿಲ್ಲ. ದಡ ಬಿಟ್ಟ ಮೇಲೆ ಫೋನ್ ಸಿಗದಿರುವುದು ಹವಾಮಾನದಿಂದಲ್ಲ, ಟವರ್ ಇಲ್ಲದ್ದರಿಂದ.

ಒಂದು ನಾಟ್ ಅಂದರೆ ಗಂಟೆಗೆ 1.852 ಕಿ.ಮೀ. ಹಳೆಯ ಕಾಲದಲ್ಲಿ ಹಗ್ಗಕ್ಕೆ ಗಂಟು ಹಾಕಿ ಹಡಗಿನ ಹಿಂದೆ ಬಿಟ್ಟು, ಎಷ್ಟು ಗಂಟು ಜಾರಿತು ಅಂತ ಎಣಿಸಿ ವೇಗ ಅಳೆಯುತ್ತಿದ್ದರು, ಆ ಗಂಟೇ ಈ ನಾಟ್. 25 ನಾಟ್ ಅಂದರೆ ಗಂಟೆಗೆ 46 ಕಿ.ಮೀ. ಮಳೆಗಾಲದಲ್ಲಿ ಸೊಮಾಲಿಯಾ ಕಡೆಯ ಕಡಲಲ್ಲಿ ಅದು ದಿನನಿತ್ಯದ ಗಾಳಿ. ನಮಗೆ ಮಳೆ ಹೊತ್ತು ತರುವ ಗಾಳಿಯೂ ಅದೇ. ಮಗನನ್ನು ಅಲ್ಲಿ ಅಲ್ಲಾಡಿಸಿದ ಗಾಳಿ ಆಮೇಲೆ ಘಟ್ಟಕ್ಕೆ ಬಂದು ನಮ್ಮ ಹೇಮಾವತಿ ತುಂಬಿಸುತ್ತದೆ.

ಸ್ವೆಲ್ ಅಂದರೆ ಅಲ್ಲಿಯ ಗಾಳಿ ಎಬ್ಬಿಸಿದ ಅಲೆಯಲ್ಲ, ದೂರದಲ್ಲೆಲ್ಲೋ ಎದ್ದು ಸಾಗಿ ಬಂದ ಉದ್ದನೆಯ ಅಲೆ. ಎತ್ತರಕ್ಕಿಂತ, ಒಂದು ಅಲೆಯಿಂದ ಇನ್ನೊಂದಕ್ಕೆ ಎಷ್ಟು ಸೆಕೆಂಡ್ ಅಂತ ಕೇಳಬೇಕು. 6 ಸೆಕೆಂಡ್‌ನ ಅಲೆ ತುದಿಯಿಂದ ತುದಿಗೆ ಸುಮಾರು 56 ಮೀಟರ್. ಇನ್ನೂರು ಮೀಟರ್ ಉದ್ದದ ಹಡಗಿಗೆ ಅದು ಗೊತ್ತೇ ಆಗುವುದಿಲ್ಲ. 12 ಸೆಕೆಂಡ್‌ನದ್ದು 225 ಮೀಟರ್, ಹಡಗಿನಷ್ಟೇ ಉದ್ದ. ಆಗ ಹಡಗು ತೊಟ್ಟಿಲಾಗುತ್ತದೆ. ಊಟದ ಮೇಜಿಗೆ ಒದ್ದೆ ಬಟ್ಟೆ ಹಾಸಿ ಅದರ ಮೇಲೆ ತಟ್ಟೆ ಇಡುತ್ತಿದ್ದೆವು, ಜಾರದಿರಲಿ ಅಂತ. ಸಾರಿನ ಲೋಟ ಮಾತ್ರ ಕೈಯಲ್ಲೇ. ನಿಮ್ಮ ಮಗ ಈಗ ಹಾಗೇ ಉಣ್ಣುತ್ತಿರಬಹುದು. ಅವನ ಕಷ್ಟ ಅಪಾಯದ್ದಲ್ಲ, ನಿದ್ದೆಯದ್ದು.

ಒಂದು ಮಾತು ತಿಳಿದಿರಲಿ. 3 ಮೀಟರ್ ಅಂದಾಗ ಎಲ್ಲ ಅಲೆಯೂ 3 ಮೀಟರ್ ಅಲ್ಲ. ಎಲ್ಲ ಅಲೆಗಳಲ್ಲಿ ಅತಿ ದೊಡ್ಡ ಮೂರನೇ ಒಂದು ಪಾಲನ್ನು ಮಾತ್ರ ತೆಗೆದುಕೊಂಡು ಹಾಕಿದ ಸರಾಸರಿ ಅದು. ನಡುನಡುವೆ ಒಂದು ಅದರ ಎರಡು ಪಟ್ಟೂ ಬರುತ್ತದೆ. ದೊಡ್ಡ ಹಡಗು ಅದನ್ನು ತಡೆದುಕೊಳ್ಳುತ್ತದೆ, ಮೀನಿನ ದೋಣಿಗೆ ಅದೇ ಮೃತ್ಯು. ಮೀನುಗಾರರಿಗೆ ಕೊಡುವ ಎಚ್ಚರಿಕೆ ಹಡಗಿನವರಿಗೆ ಅಷ್ಟಾಗಿ ತಟ್ಟದಿರುವುದು ಅದಕ್ಕೇ.

ಇನ್ನೊಂದು ಸಮಾಧಾನ. ಎಷ್ಟೋ ಹಡಗುಗಳ ಅಧಿಕಾರಿಗಳು ದಿನಕ್ಕೆ ಹಲವು ಸಲ ಗಾಳಿ, ಒತ್ತಡ, ಅಲೆ ನೋಡಿ ಬರೆದು ಹವಾಮಾನ ಇಲಾಖೆಗಳಿಗೆ ಕಳಿಸುತ್ತಾರೆ. ನಡುಗಡಲಲ್ಲಿ ಅಳೆಯುವವರು ಬೇರೆ ಯಾರಿದ್ದಾರೆ? ಉಪಗ್ರಹ, ತೇಲುಮಾಪಕ ಬಿಟ್ಟರೆ ಇವರೇ. ಅರಸೀಕೆರೆಗೆ ಬರುವ ಮಳೆಯ ಮುನ್ಸೂಚನೆಯಲ್ಲಿ ನಿಮ್ಮ ಮಗನ ಕೈಬರಹವೂ ಸೇರಿರಬಹುದು.

ಏಪ್ರಿಲ್‌ನಲ್ಲಿ ಮಲ್ಪೆಗೆ ಹೋಗಿದ್ದೆವು. ಗಾಳಿಯಿಲ್ಲ, ಮೋಡವಿಲ್ಲ, ಆದರೂ ನೀರಿಗೆ ಇಳಿಯಲು ಬಿಡಲಿಲ್ಲ. ಯಾಕೆ?
– ಹಾಸನದ ಕಾಲೇಜು ವಿದ್ಯಾರ್ಥಿಗಳು

ಬಿಡದಿದ್ದದ್ದು ಒಳ್ಳೆಯದಾಯಿತು. ಮೇಲಿನ ಸ್ವೆಲ್ ಕತೆಯೇ ಇದು. ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿ ಬಿರುಗಾಳಿ ಎದ್ದರೆ ಅದರ ಅಲೆ ಸಾವಿರಾರು ಕಿ.ಮೀ. ಸಾಗಿ, ಕೆಲವು ದಿನಗಳ ನಂತರ ನಮ್ಮ ಪಡುವಣ ದಡ ಮುಟ್ಟುತ್ತದೆ. ಮಲಯಾಳಿಗಳು ಇದನ್ನು ಕಳ್ಳಕಡಲು ಅನ್ನುತ್ತಾರೆ, ಸದ್ದಿಲ್ಲದೆ ಬರುವುದಕ್ಕೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಮೊದಲೇ ಎಚ್ಚರಿಕೆ ಕೊಡುತ್ತದೆ. ಹೊರಡುವ ಮೊದಲು ಆಕಾಶ ನೋಡಬೇಡಿ, ಅದನ್ನು ನೋಡಿ.

ಫೋನಿನ ಆ್ಯಪ್ ನಮ್ಮೂರಿಗೆ 10 ಮಿ.ಮೀ. ಅನ್ನುತ್ತದೆ, ನನ್ನ ಮಾಪಕದಲ್ಲಿ ಮೂರಿಂಚು. ಯಾರನ್ನು ನಂಬಲಿ?
– ಕೊಟ್ಟಿಗೆಹಾರದ ಹತ್ತಿರದವರು

ನಿಮ್ಮ ಮಾಪಕವನ್ನು. ಮುನ್ಸೂಚನೆಯ ಲೆಕ್ಕ ನಡೆಯುವುದು ಚೌಕಗಳಲ್ಲಿ. ಇಲಾಖೆ 2025ರ ಮೇನಲ್ಲಿ ಶುರು ಮಾಡಿದ ಭಾರತ್ ಫೋರ್‌ಕಾಸ್ಟ್ ವ್ಯವಸ್ಥೆಯಲ್ಲಿ ಚೌಕದ ಬದಿ 6 ಕಿ.ಮೀ., ಅದಕ್ಕೆ ಮೊದಲು 12 ಇತ್ತು. ಕಡಲ ಮೇಲೆ 6 ಕಿ.ಮೀ. ಧಾರಾಳ ಸಾಕು, ಅಲ್ಲಿ ಗುಡ್ಡವಿಲ್ಲ. ನಿಮ್ಮಲ್ಲಿ ಆರು ಕಿ.ಮೀ. ಒಳಗೆ ಒಂದು ಕಣಿವೆ, ಎರಡು ಗುಡ್ಡ, ಮೂರು ಬಗೆಯ ಮಳೆ. ಆ್ಯಪ್‌ನ ಬದಲು ಪಂಚಾಯಿತಿ ಮಟ್ಟದಲ್ಲಿ ಮಳೆ ಅಳೆಯುವ ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರದ ಅಂಕಿ ನೋಡಿ, ಅವರ ವರುಣ ಮಿತ್ರ ಸಹಾಯವಾಣಿಗೆ ಫೋನ್ ಮಾಡಿ.

ಮಾಪಕ ಎಲ್ಲಿಟ್ಟಿದ್ದೀರಿ ಅಂತ ಬರೆದಿಲ್ಲ. ಸಿಲ್ವರ್ ಮರದ ಬುಡದಲ್ಲೋ ಮನೆ ಸೂರಿನ ಅಂಚಿನಲ್ಲೋ ಇದ್ದರೆ ಮೂರಿಂಚಿನಲ್ಲಿ ಎಷ್ಟು ಮಳೆ, ಎಷ್ಟು ಸೂರಿನ ನೀರು ಅಂತ ದೇವರಿಗೇ ಗೊತ್ತು. ಹತ್ತಿರದ ಮರ ಎಷ್ಟು ಎತ್ತರವೋ ಅದರ ಎರಡು ಪಟ್ಟು ದೂರದಲ್ಲಿ, ಕಣದ ಬಯಲಲ್ಲಿ ನೆಟ್ಟು, ಬೆಳಿಗ್ಗೆ ಎಂಟೂವರೆಗೆ ಅಳೆದು, ಒಂದು ತಿಂಗಳ ಲೆಕ್ಕ ಕಳಿಸಿ.