ಘಾಟಿಯಲ್ಲಿ ಕುದಿದ ಕಾರು, 65,000ದ ಬಿಲ್ಲು

ಪ್ರಶ್ನೆ: ನಮ್ಮದು ಹನ್ನೊಂದು ವರ್ಷ ಹಳೆಯ ಪೆಟ್ರೋಲ್ ಕಾರು. ಹೋದ ತಿಂಗಳು ಪುತ್ತೂರಿನಿಂದ ಹಾಸನಕ್ಕೆ ಹೊರಟಿದ್ದೆವು. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ಲಾರಿಗಳ ಹಿಂದೆ ಸಿಕ್ಕಿಕೊಂಡೆವು, ಎಸಿ ಹಾಕಿತ್ತು. ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಯಿತು, ಬಾನೆಟ್ ಸಂದಿಯಿಂದ ಹಬೆ ಬಂತು. ನಿಲ್ಲಿಸಿ, ತಣ್ಣಗಾದ ಮೇಲೆ ನೀರು ಹಾಕಿ, ನಿಧಾನಕ್ಕೆ ಸಕಲೇಶಪುರ ಸೇರಿದೆವು. ಗ್ಯಾರೇಜಿನವರು ನೋಡಿ ‘ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಬೇಕು, 65,000 ಆಗುತ್ತೆ’ ಅಂದರು. ಮಾಡಿಸಲಾ, ಮಾರಿಬಿಡಲಾ?

ಉತ್ತರ: ಎರಡೂ ಬೇಡ, ಸದ್ಯಕ್ಕೆ. ಹೆಡ್ ಅಂದರೆ ಎಂಜಿನ್ನಿನ ಮೇಲ್ಭಾಗ, ಅದರ ಕೆಳಗೆ ಹೊಗೆ, ನೀರು, ಆಯಿಲ್ ಬೆರೆಯದಂತೆ ತಡೆಯುವ ತೆಳು ಹಾಳೆಯೇ ಗ್ಯಾಸ್ಕೆಟ್. ಯಾವ ಪರೀಕ್ಷೆ ಮಾಡಿ ಗ್ಯಾಸ್ಕೆಟ್ ಹೋಗಿದೆ ಅಂದಿರಿ ಅಂತ ಮೊದಲು ಅವರನ್ನು ಕೇಳಿ. ಹಬೆ ಬಂತು ಅನ್ನೋದು ಪರೀಕ್ಷೆ ಅಲ್ಲ.

ನಿಮ್ಮ ಪತ್ರದಲ್ಲೇ ಒಂದು ಸುಳಿವಿದೆ. ಕಾರು ಕುದಿದದ್ದು ಲಾರಿ ಹಿಂದೆ, ಎಸಿ ಹಾಕಿಕೊಂಡು ಏರು ಹತ್ತುವಾಗ. ಅಷ್ಟು ನಿಧಾನಕ್ಕೆ ಹೋಗುವಾಗ ರೇಡಿಯೇಟರಿಗೆ ಎದುರುಗಾಳಿ ಸಿಗೋದಿಲ್ಲ, ಎಲ್ಲಾ ಭಾರ ಫ್ಯಾನಿನ ಮೇಲೆ. ಹೈವೇಯಲ್ಲಿ ಸರಿಯಾಗಿದ್ದು ಟ್ರಾಫಿಕ್ಕಿನಲ್ಲಿ ಮಾತ್ರ ಬಿಸಿಯಾದರೆ ನಾನು ಮೊದಲು ನೋಡೋದು ಫ್ಯಾನ್, ಅದಕ್ಕೆ ಕರೆಂಟ್ ಕೊಡುವ ಸ್ವಿಚ್ಚಾದ ರಿಲೇ, ಫ್ಯೂಸ್. ಎಂಜಿನ್ ಸ್ಟಾರ್ಟ್ ಮಾಡಿ ಎಸಿ ಹಾಕಿ, ಹೆಚ್ಚಿನ ಕಾರುಗಳಲ್ಲಿ ಸ್ವಲ್ಪ ಹೊತ್ತಿನಲ್ಲೇ ಫ್ಯಾನ್ ತಿರುಗಬೇಕು. ಅದರ ಬದಲು ಹೈವೇಯಲ್ಲಿ ವೇಗವಾಗಿ ಓಡುವಾಗ ಬಿಸಿಯಾಗುತ್ತೆ ಅಂದರೆ ರೇಡಿಯೇಟರ್ ಕಟ್ಟಿರಬಹುದು, ಇಲ್ಲವೇ ವಾಟರ್ ಪಂಪ್ ಕೆಟ್ಟಿರಬಹುದು.

ಆಮೇಲೆ ರೇಡಿಯೇಟರ್ ಕ್ಯಾಪ್. ಕೆಲವೇ ನೂರು ರೂಪಾಯಿಯ ಸಾಮಾನು ಅಂತ ಯಾರೂ ಅದನ್ನು ನೋಡೋದಿಲ್ಲ. ಆದರೆ ಎಂಜಿನ್ ತಂಪಾಗಿಡುವ ದ್ರವವಾದ ಕೂಲಂಟನ್ನು ಒತ್ತಡದಲ್ಲಿ ಹಿಡಿದಿಡುವುದು ಅದೇ. ಅರ್ಧ ಕೂಲಂಟ್, ಅರ್ಧ ನೀರು ಇದ್ದು ಕ್ಯಾಪ್ ಸರಿಯಿದ್ದರೆ 120 ಡಿಗ್ರಿ ದಾಟಿದರೂ ಅದು ಕುದಿಯೋದಿಲ್ಲ. ಕ್ಯಾಪಿನ ರಬ್ಬರ್ ಒಣಗಿ ಬಿರುಕು ಬಿಟ್ಟಿದ್ದರೆ ಎಷ್ಟೋ ಮೊದಲೇ ಕುದಿದು ಹೊರಗೆ ಉಕ್ಕುತ್ತೆ.

ಇಷ್ಟಾದ ಮೇಲೆ ಗ್ಯಾಸ್ಕೆಟ್. ಅದನ್ನು ನೋಡೋದಕ್ಕೆ ಒಂದು ಬೋಲ್ಟನ್ನೂ ಬಿಚ್ಚಬೇಕಿಲ್ಲ. ತಣ್ಣಗಿರುವಾಗ ಕ್ಯಾಪ್ ತೆಗೆದು, ರೇಡಿಯೇಟರ್ ಬಾಯಿಗೆ ನೀಲಿ ದ್ರವ ಇರುವ ಒಂದು ನಳಿಕೆ ಇಟ್ಟು ಎಂಜಿನ್ ಓಡಿಸುತ್ತಾರೆ. ಸಿಲಿಂಡರಿನ ಹೊಗೆ ಕೂಲಂಟಿಗೆ ನುಗ್ಗುತ್ತಿದ್ದರೆ ಆ ನೀಲಿ ಹಳದಿಗೆ ತಿರುಗುತ್ತೆ. ನಿಮ್ಮ ಕಣ್ಣೆದುರೇ ಮಾಡಿಸಿ. ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್ ಎಳೆದು ನೋಡಿ, ಆಯಿಲ್ ಹಾಲು ಬೆರೆಸಿದ ಕಾಫಿ ಥರ ಇದ್ದರೆ ನೀರು ಸೇರಿದೆ ಅಂತ ಅರ್ಥ.

ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ಇದೆ. ನಾನೂ ಒಮ್ಮೆ ಸುಮ್ನೆ ಒಪ್ಪಿಕೊಂಡು ಹೆಡ್ ಬಿಚ್ಚಿಸಿದ್ದೆ. ಹಳೆ ಗ್ಯಾಸ್ಕೆಟ್ ಕೈಗೆ ಕೊಟ್ಟರು, ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ, ಸುತ್ತಲೂ ಅಂಚು ಗಟ್ಟಿಯಾಗಿತ್ತು, ಎರಡು ಸಿಲಿಂಡರ್ ನಡುವೆ ಎಲ್ಲೂ ಸುಟ್ಟ ಗುರುತಿಲ್ಲ. ದುಡ್ಡು ಕೊಟ್ಟು ಬಂದ ಎರಡೇ ವಾರಕ್ಕೆ ಮುಳ್ಳು ಮತ್ತೆ ಏರಿತು. ಕೆಟ್ಟಿದ್ದದ್ದು ಫ್ಯಾನ್ ರಿಲೇ. ಆ ಸಿಟ್ಟು ಇನ್ನೂ ಹೋಗಿಲ್ಲ.

ನಿಮ್ಮದು ನಿಜವಾಗಿಯೂ ಹಳದಿಗೆ ತಿರುಗಿದರೆ ಮಾಡಿಸಲೇಬೇಕು, ತಡ ಮಾಡಬೇಡಿ. ಆಗ ಬಿಲ್ಲನ್ನು ಬಿಡಿಬಿಡಿಯಾಗಿ ಬರೆಸಿಕೊಳ್ಳಿ: ಗ್ಯಾಸ್ಕೆಟ್ ಸೆಟ್ ಎಷ್ಟು, ಹೆಡ್ಡಿನ ಮೇಲ್ಮೈ ಸಮ ಮಾಡುವ ಹೆಡ್ ಫೇಸಿಂಗ್ ಎಷ್ಟು, ಕೂಲಿ ಎಷ್ಟು. ಹೆಡ್ ಅಲ್ಯೂಮಿನಿಯಮ್ಮಿನದು, ಜಾಸ್ತಿ ಕಾದರೆ ಸೊಟ್ಟಗಾಗುತ್ತೆ. ನೇರ ಪಟ್ಟಿ ಇಟ್ಟು, ಸಂದಿಯನ್ನು ಫೀಲರ್ ಗೇಜ್ ಅನ್ನೋ ತೆಳು ತಗಡುಗಳಿಂದ ಅಳೆಸದೆ ಹೊಸ ಗ್ಯಾಸ್ಕೆಟ್ ಕೂರಿಸಿದರೆ ಅದೂ ಹೋಗುತ್ತೆ. ಬೋಲ್ಟುಗಳನ್ನು ಬಿಗಿತ ಅಳೆಯುವ ಟಾರ್ಕ್ ರೆಂಚಿನಲ್ಲೇ ಬಿಗಿಯಲಿ. ‘ಥರ್ಮೋಸ್ಟಾಟ್ ತೆಗೆದುಬಿಡೋಣ, ತಂಪಾಗಿರುತ್ತೆ’ ಅಂದರೆ ಬೇಡ ಅನ್ನಿ. ಎಂಜಿನ್ ಬಿಸಿಯಾಗುವವರೆಗೆ ಕೂಲಂಟನ್ನು ರೇಡಿಯೇಟರಿಗೆ ಬಿಡದ ವಾಲ್ವ್ ಅದು, ಅದಿಲ್ಲದಿದ್ದರೆ ಎಂಜಿನ್ ಸರಿಯಾದ ಬಿಸಿಗೇ ಬರೋದಿಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತೆ.

ಹೆಡ್ಡೇ ಸೀಳಿದ್ದರೆ ಮಾರುವ ಮಾತು. ಆಗಲೂ ಕೊಳ್ಳುವವರಿಗೆ ವಿಷಯ ಹೇಳಿಯೇ ಮಾರಿ.

ಪ್ರಶ್ನೆ: ರಾಯಚೂರಿನ ಬಿಸಿಲಿಗೆ ಕೂಲಂಟ್ ಆಗಾಗ ಕಡಿಮೆಯಾಗುತ್ತೆ. ಬೋರ್‌ವೆಲ್ ನೀರು ತುಂಬಿಸುತ್ತಿದ್ದೇನೆ, ತೊಂದರೆ ಇದೆಯಾ?

ಉತ್ತರ: ಇದೆ. ಪಾತ್ರೆಯ ತಳದಲ್ಲಿ ಬಿಳಿ ಸುಣ್ಣ ಕಟ್ಟುತ್ತಲ್ವಾ, ಅದೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತೆ. ದಾರಿಯಲ್ಲಿ ಬೇರೆ ಗತಿಯಿಲ್ಲದಿದ್ದರೆ ಯಾವ ನೀರಾದರೂ ಸರಿ. ಮನೆಯಲ್ಲಿ ಹಾಕುವಾಗ ಕೂಲಂಟಿನ ಜೊತೆ ಡಿಸ್ಟಿಲ್ಡ್ ವಾಟರ್ ಬೆರೆಸಿ. ಇನ್ನೊಂದು ವಿಷಯ, ಕೂಲಂಟ್ ಬಿಸಿಲಿಗೆ ಆರಿಹೋಗೋದಿಲ್ಲ. ಆಗಾಗ ಕಡಿಮೆಯಾದರೆ ಎಲ್ಲೋ ಸೋರುತ್ತಿದೆ. ರಾತ್ರಿ ಕಾರಿನಡಿ ರಟ್ಟು ಹಾಸಿ, ಬೆಳಿಗ್ಗೆ ಕಲೆ ಎಲ್ಲಿದೆ ನೋಡಿ.

ಪ್ರಶ್ನೆ: ಮುಳ್ಳು ಕೆಂಪಿಗೆ ಹೋಗಿ ತಾನಾಗೇ ಇಳಿಯಿತು. ಸರಿಹೋಯಿತು ಅಂತ ಓಡಿಸಿದೆ, ಎರಡು ಕಿಲೋಮೀಟರಿಗೆ ಎಂಜಿನ್ ನಿಂತಿತು. ಯಾಕೆ?

ಉತ್ತರ: ಕೂಲಂಟ್ ಪೂರ್ತಿ ಖಾಲಿಯಾಗಿರಬೇಕು. ಸೆನ್ಸರ್ ಅಳೆಯೋದು ಅದು ಮುಳುಗಿರುವ ದ್ರವದ ಬಿಸಿಯನ್ನು. ದ್ರವವೇ ಇಲ್ಲದಿದ್ದರೆ ಮುಳ್ಳು ಸುಳ್ಳು ಹೇಳುತ್ತೆ. ಈಗ ಮತ್ತೆ ಸ್ಟಾರ್ಟ್ ಮಾಡಲು ಹೋಗಬೇಡಿ, ಟೋ ಮಾಡಿಸಿಯೇ ಸಾಗಿಸಿ. ಗ್ಯಾರೇಜಿನಲ್ಲಿ ಮೊದಲು ಸಿಲಿಂಡರುಗಳ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟ್ ಮಾಡಿಸಿ, ಸಿಲಿಂಡರಿಗೊಂದರಂತೆ ಬಂದ ಅಂಕಿಗಳನ್ನು ನನಗೆ ಬರೆದು ಕಳಿಸಿ.